ಉದ್ದಗಾಲನ ಎಲುಬಿನ ಅಂಟು

ನಮ್ಮ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಆಕೆಯನ್ನು ಎಲ್ಲರೂ ಎಲುಬಕ್ಕ ಎಂದೇ ಕರೆಯುತ್ತೇವೆ. ದ್ವೀಪಗಳಲ್ಲಿ ಅಳಿದುಹೋದ ಹಕ್ಕಿ, ಹಲ್ಲಿ, ಆಮೆಗಳ ಎಲುಬು ತೊಳೆಯುವುದು, ಒಡೆದದ್ದನ್ನು ಅಂಟಿಸುವುದು ಮೂವತ್ತು ವರ್ಷಗಳಿಂದ ಆಕೆಯ ಕೆಲಸ. ಅದಕ್ಕೂ ಮೊದಲು ಅದೇ ಮೇಜಿನ ಮುಂದೆ ಕೂತಿದ್ದವರು ಆಕೆಯ ಅಪ್ಪ, ಈಗ ನಿವೃತ್ತರು. ಎಲುಬಕ್ಕನ ಬಾಯಿ ಎಂಥದ್ದು ಅಂತೀರಿ! ಊಟದ ಡಬ್ಬಿಯನ್ನು ಆ ಮೇಜಿನ ಹತ್ತಿರ ತಂದವರ ಜನ್ಮ ಜಾಲಾಡುತ್ತಾಳೆ. ನನ್ನದನ್ನೂ ಎರಡು ಸಲ ಜಾಲಾಡಿದ್ದಾಳೆ.

ಅಪ್ಪ ಅಂಟಿಸಿದ್ದರಲ್ಲಿ ತುಂಬ ಹೆಸರಾದದ್ದು ಉದ್ದಗಾಲನ ಎಲುಬು. ದ್ವೀಪವೊಂದರ ಗುಹೆಯಲ್ಲಿ ಎರಡು ತುಂಡಾಗಿ ಸಿಕ್ಕ ಕಾಲೆಲುಬು ಅದು. ಅದೊಂದನ್ನೇ ನೋಡಿ ಅಂದಿನ ಪಂಡಿತರು, ಹಾರಲಾರದ, ಕೊಕ್ಕರೆಯಂತೆ ಹೆಜ್ಜೆ ಹಾಕುವ ಪಾರಿವಾಳ ಆ ದ್ವೀಪದಲ್ಲಿತ್ತು ಎಂದು ಸಾರಿ, ಅದಕ್ಕೆ ಉದ್ದಗಾಲ ಎಂದು ಹೆಸರಿಟ್ಟರು. ಆ ಪಂಡಿತರ ಲೇಖನದ ಕೊನೆಯಲ್ಲಿ ಅಪ್ಪನಿಗೂ ಒಂದು ಸಾಲಿನ ಕೃತಜ್ಞತೆ ಇತ್ತು. ಅಪ್ಪನ ಹೆಸರು ಅಚ್ಚಾದದ್ದು ಬದುಕಿನಲ್ಲಿ ಅದೊಂದೇ ಸಲ.

ಮೊನ್ನೆ ಆ ಎಲುಬಿನ ಡಿಎನ್‌ಎ ನೋಡಲೇಬೇಕೆಂದು ನಮ್ಮ ವಿಜ್ಞಾನಿ ಮೇಡಂ ಹಟ ಹಿಡಿದರು. ಎಲುಬಕ್ಕ ಉಸಿರು ಬಿಗಿಹಿಡಿದು ಮೇಲಿನ ತುಂಡಿನಿಂದ ಒಂದು ಚಿಟಿಕೆ, ಕೆಳಗಿನದರಿಂದ ಒಂದು ಚಿಟಿಕೆ ಪುಡಿ ಕೊರೆದುಕೊಟ್ಟಳು. ಫಲಿತಾಂಶ ಓದಿ ಹೇಳುವ ಹಾಳು ಕೆಲಸ ನನ್ನದು. ಮೇಲಿನದು ಪಾರಿವಾಳ. ಕೆಳಗಿನದು ನೀರುಕೋಳಿ ಜಾತಿಯ ಯಾವುದೋ ಹಕ್ಕಿ.

"ಬೇರೆ ಎಲುಬು ಮುಟ್ಟಿದ ಕೈಯಲ್ಲೇ ಇದನ್ನ ಮುಟ್ಟಿದ್ದೀರಿ, ಅದರ ಡಿಎನ್‌ಎ ಇದಕ್ಕೆ ಹತ್ತಿದೆ," ಎಂದರು ಮೇಡಂ ಎಲುಬಕ್ಕನಿಗೆ. "ನಾಳೆ ಬೆಳಗ್ಗೆ ವರದಿ ಹೋಗ್ಬೇಕು. ತಪ್ಪು ನಿಮ್ಮದು ಅಂತ ಬರೀತೀನಿ. ಆಮೇಲೆ ನೀವು ಈ ಕೋಣೆಗೆ ಬರೋ ಹಾಗಿಲ್ಲ."

ಎಲುಬಕ್ಕ ತಿರುಗಿ ಬೈಯಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾದದ್ದು ಆಗಲೇ. ಆಕೆಯ ಕೈ ಎಷ್ಟು ಶುದ್ಧವೆಂದು ನಾನು ಬಲ್ಲೆ. ಅದು ತಪ್ಪಿಲ್ಲವೆಂದರೆ ತಪ್ಪಿದ್ದು ಅಪ್ಪನ ಕೈ. ಸುಮ್ಮನಿದ್ದರೆ ಮಗಳ ಮೂವತ್ತು ವರ್ಷ ಮಣ್ಣುಪಾಲು, ಬಾಯಿ ಬಿಟ್ಟರೆ ಅಪ್ಪನ ಆ ಒಂದು ಸಾಲು. ಅತ್ತ ದರಿ, ಇತ್ತ ಪುಲಿ.

"ಒಂದು ಗಂಟೆ ಕೊಡಿ," ಎಂದಳು.

ಚರ್ಮ ಬೇಯಿಸಿ ಮಾಡುತ್ತಿದ್ದ ಹಳೆಯ ಕಾಲದ ಅಂಟು ಬಿಸಿನೀರಿಗೆ ಮೆತ್ತಗಾಗುತ್ತದೆ. ಅಂಟಿಸಿದ ಜಾಗಕ್ಕೆ ಒದ್ದೆ ಹತ್ತಿ ಸುತ್ತಿದಳು. ತಣ್ಣಗಾದೊಡನೆ ತೆಗೆದು ಇನ್ನೊಂದು ಸುತ್ತಿದಳು. ನೀರು ಹೆಚ್ಚಾದರೆ ಎಲುಬು ಸೀಳುತ್ತದೆ, ಸೀಳಿದರೆ ಸಾಕ್ಷಿಯೂ ಇಲ್ಲ, ಎಲುಬೂ ಇಲ್ಲ. ಮೇಡಂ ಉಗುರು ಕಚ್ಚುತ್ತಿದ್ದರು. ನನಗಂತೂ ಕೂತಲ್ಲಿ ಕೂರಲಾಗಲಿಲ್ಲ. ಐದನೆಯ ಹತ್ತಿಗೆ ತುಂಡುಗಳು ಬೇರೆಯಾದವು.

ಭೂತಗನ್ನಡಿಯಲ್ಲಿ ನೋಡಿದೆವು. ಮುರಿದ ಎಲುಬಿನ ಅಂಚು ಒರಟಾಗಿರಬೇಕು. ಇವು ನುಣ್ಣಗಿದ್ದವು. ಅರದಿಂದ ಉಜ್ಜಿದ ಗೆರೆಗಳು ಸಾಲಾಗಿ ಕಾಣುತ್ತಿದ್ದವು.

"ಹೊಂದದೇ ಇದ್ದದ್ದನ್ನ ಉಜ್ಜಿ ಹೊಂದಿಸಿದ್ದಾರೆ," ಎಂದಳು ಎಲುಬಕ್ಕ. "ಎರಡು ಹಕ್ಕಿ ಇವು. ಉದ್ದಗಾಲ ಅನ್ನೋ ಹಕ್ಕಿ ಇರಲೇ ಇಲ್ಲ. ಬರ್ಕೊಳ್ಳಿ ಮೇಡಂ, ಅಂಟಿಸಿದವರು ನಮ್ಮಪ್ಪ."

ಮೇಡಂ ಕ್ಷಮೆ ಕೇಳಿದರು. ಎಲುಬಕ್ಕನಿಗೆ ಅದು ಕೇಳಿಸಿತೋ ಇಲ್ಲವೋ. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಆಕೆಯ ಮನೆಯವರೆಗೆ ಹೋದೆ. ಅಪ್ಪ ಕಿಟಕಿಯ ಬಳಿ ಕೂತು ಕನ್ನಡಕ ಒರೆಸುತ್ತಿದ್ದರು. ಚಪ್ಪಲಿಯನ್ನೂ ಬಿಡದೆ ಎಲುಬಕ್ಕ ಕೇಳಿದಳು.

"ಅಪ್ಪಾ, ಉದ್ದಗಾಲನ ಎಲುಬಿಗೆ ಅರ ಹಾಕಿದ್ರಾ?"

ಅವರು ಕನ್ನಡಕ ಕೆಳಗಿಟ್ಟರು. "ಹೊಂದ್ಲಿಲ್ಲ ಕಣೆ. ಎರಡೂ ಒಂದೇ ಎಲುಬಿನದು, ಅಂಟಿಸು ಅಂದ್ರು ದೊಡ್ಡೋರು. ಒಂಚೂರು ಉಜ್ಜಿದೆ. ಅವರು ಹೆಸರಿಟ್ಟು ಮೆರೆದ ಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

ಎಲುಬಕ್ಕ ಚಪ್ಪಲಿ ಬಿಟ್ಟು ಅವರ ಪಕ್ಕ ಕೂತಳು.

"ಯಾರಾದ್ರೂ ಕೇಳ್ತಾರೆ ಅಂತ ನಲವತ್ತು ವರ್ಷ ಕಾದೆ," ಎಂದರು ಅಪ್ಪ. "ಕೊನೆಗೆ ನೀನೇ ಕೇಳ್ಬೇಕಾಯ್ತಾ, ಮಗಳೇ?"