ತಗಡು ನಡುಗುವ ವೇಗ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಗಾಳಿ ಕೊಳವೆಗಳನ್ನು ಪರೀಕ್ಷಿಸಲು ಒಂದು ಕೋಣೆಯಿದೆ. ಶ್ಯಾಮಣ್ಣನವರು ಅಲ್ಲಿ ಇಪ್ಪತ್ತೊಂಬತ್ತು ವರ್ಷ ನಿಂತಿದ್ದರು. ಸ್ಟೂಲ್ ಇದ್ದರೂ ಕೂರುತ್ತಿರಲಿಲ್ಲ. ಅಷ್ಟು ಹಟಮಾರಿ ಮನುಷ್ಯ.

ಕೊಳವೆಯೊಳಗೆ ಗಾಳಿಯನ್ನು ತಿರುಗಿಸಲು ತೆಳುವಾದ ಉಕ್ಕಿನ ತಗಡು ಇರುತ್ತದೆ. ಒಂದು ಅಂಚನ್ನು ಬಿಗಿದಿರುತ್ತಾರೆ, ಇನ್ನೊಂದನ್ನು ಹಾಗೇ ಬಿಟ್ಟಿರುತ್ತಾರೆ. ಗಾಳಿ ಮೆಲ್ಲಗೆ ಹಾಯುವ ತನಕ ತಗಡು ತೆಪ್ಪಗಿರುತ್ತದೆ. ವೇಗ ಒಂದು ಮಿತಿ ದಾಟಿತೋ, ಯಾರೂ ಮುಟ್ಟದೆ ತಾನಾಗಿಯೇ ಪಟಪಟ ಬಡಿದುಕೊಳ್ಳತೊಡಗುತ್ತದೆ. ಆಮೇಲೆ ಗಾಳಿಯಿಂದಲೇ ಬಲ ಪಡೆದು, ಬಡಿತ ಜಾಸ್ತಿಯಾಗಿ, ಕೊನೆಗೆ ಬುಡದಲ್ಲೇ ಸೀಳುತ್ತದೆ. ತಗಡು ಎರಡು ಬೆರಳು ಉದ್ದವಾದರೂ ಸಾಕು, ಆ ಮಿತಿ ಇಳಿಯುತ್ತದೆ. ಪ್ರತಿ ತಗಡಿಗೂ ಅದನ್ನು ಕಂಡುಹಿಡಿಯುವುದು ನಮ್ಮ ಕೆಲಸ.

ಕೊಳವೆ ಮುಚ್ಚಿರುವುದರಿಂದ ಒಳಗಿನದು ಕಾಣುವುದಿಲ್ಲ. ಬಡಿತಕ್ಕೆ ಮುಂಚೆ ಒಂದು ಕೀರಲು ದನಿ ಬರುತ್ತದೆ, ಹಲ್ಲು ಜುಮ್ಮೆನ್ನುವಂಥದ್ದು. ಕೊಳವೆಯ ತುದಿಯಲ್ಲಿ ಗಾಳಿ ಎಳೆಯುವ ಫ್ಯಾನಿನ ವೇಗ ಏರಿಸುತ್ತಾ ಹೋಗುವ ಶ್ಯಾಮಣ್ಣ, ಆ ದನಿ ಬಂದ ಕ್ಷಣ ಕೈ ಎತ್ತಬೇಕು. ಎದುರಿಗೆ ಕೂತ ನಾನು ಮೀಟರ್ ನೋಡಿ ಬರೆದುಕೊಳ್ಳಬೇಕು. ಫ್ಯಾನಿನ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸದ ಕಾರಣ ನಮ್ಮದೆಲ್ಲ ಕೈಸನ್ನೆ. ಆರು ವರ್ಷ ಹೀಗೇ ನಡೆಯಿತು.

"ಶ್ಯಾಮಣ್ಣನ ಕಿವಿ ಇರೋವಾಗ ಸೆನ್ಸರ್ ಯಾಕ್ರೀ ಬಿಂದುಶ್ರೀ?" ಎನ್ನುತ್ತಿದ್ದರು ಮ್ಯಾನೇಜರ್ ಲೋಕೇಶ್. ಶ್ಯಾಮಣ್ಣನವರಿಗಿದ್ದ ಜಂಬವೂ ಅದೊಂದೇ.

ಈ ವರ್ಷ ಸುರಕ್ಷತೆಯ ತಪಾಸಣೆಗೆ ಬಂದವರು ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಳ್ಳುವುದನ್ನು ಕಡ್ಡಾಯ ಮಾಡಿದರು. ದನಿ ಕೇಳಬೇಕಾದ ಶ್ಯಾಮಣ್ಣನವರಿಗೆ ಬೇಡ, ನನಗೆ ಮಾತ್ರ. ಮೊದಲ ದಿನ ಹಾಕಿಕೊಂಡಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಆರಾಮವಾಗಿ ಮೀಟರ್ ನೋಡುತ್ತಾ ಕೂತೆ. ಮುಳ್ಳು ಹದಿನೆಂಟು ದಾಟಿತು. ಸಾಮಾನ್ಯವಾಗಿ ಅಷ್ಟರಲ್ಲಿ ಅವರ ಕೈ ಮೇಲಿರುತ್ತಿತ್ತು. ಇಪ್ಪತ್ತು, ಇಪ್ಪತ್ತೆರಡು. ತಲೆ ಎತ್ತಿದೆ. ಅವರು ವೇಗ ಏರಿಸುತ್ತಾ, ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕೈ ಬೀಸುವಷ್ಟರಲ್ಲಿ ಮೇಜು ಅದುರಿತು. ತಗಡು ಕಿತ್ತು ಹೋಗಿ ಫ್ಯಾನಿಗೆ ಬಡಿದು ರೆಕ್ಕೆಗಳೆಲ್ಲ ಮುರಿದವು.

ಫ್ಯಾನ್ ನಿಂತ ಮೇಲೆ ಶ್ಯಾಮಣ್ಣ ಹತ್ತಿರ ಬಂದರು.

"ಮೇಡಂ, ಇವತ್ತು ಯಾಕೆ ಮುಖ ಕಿವುಚ್ಲಿಲ್ಲ?"

ನನಗೆ ಆಗ ಹೊಳೆಯಿತು. ಕೀರಲು ದನಿಗೆ ಪ್ರತಿ ಸಲ ನನ್ನ ಮುಖ ಕಿವುಚಿಕೊಳ್ಳುತ್ತಿತ್ತು. ಅದನ್ನು ನೋಡಿಕೊಂಡೇ ಅವರು ಕೈ ಎತ್ತುತ್ತಿದ್ದರು.

"ರಿಪೋರ್ಟಲ್ಲಿ ಕಿವಿ ಅಂತ ಬರೀಬೇಡಿ. ಕೈ ಜಾರ್ತು ಅಂತ ಬರೀರಿ," ಅಂದರು. "ರಿಟೈರಾಗೋಕೆ ಇನ್ನೆರಡೇ ವರ್ಷ ಮೇಡಂ. ಈ ಕೆಲಸ ಬಿಟ್ರೆ ನಂಗೆ ಬೇರೇನೂ ಬರಲ್ಲ."

ಹಾಗೆ ಬರೆದಿದ್ದರೆ ವಾರ ಕಳೆಯುವುದರೊಳಗೆ ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತಿದ್ದರು. ನನಗೆ ಹೆದರಿಕೆಯೂ ಆಗಿತ್ತು, ಮೋಸ ಹೋದ ಸಿಟ್ಟೂ ಇತ್ತು. 'ಕೇಳಿಸಲಿಲ್ಲ' ಎಂದೇ ಬರೆದೆ. ಮೂರನೇ ದಿನ ಅವರನ್ನು ಮನೆಗೆ ಕಳಿಸಿದರು. ನಾನು ಮಾಡಿದ್ದು ಸರಿ ಎಂದು ಎಲ್ಲರೂ ಹೇಳಿದರು. ಹಾಳಾಗಿ ಹೋಗಲಿ ಆ ಸರಿ.

ತಿಂಗಳಾದ ಮೇಲೆ ಲಗ್ಗೆರೆಯ ಅವರ ಮನೆಗೆ ಹೋದೆ. ಶ್ಯಾಮಣ್ಣ ಬಾಗಿಲಿಗೆ ಬೆನ್ನು ಹಾಕಿ ಅವರೆಕಾಯಿ ಸುಲಿಯುತ್ತಿದ್ದರು. ಕಂಪನಿಯವರು ಸಾಕು ಅಂದರು ಎಂದಷ್ಟೇ ಮನೆಯಲ್ಲಿ ಹೇಳಿದ್ದರಂತೆ. ಅವರ ಹೆಂಡತಿ ಭಾಗ್ಯಮ್ಮನವರಿಗೆ ನಡೆದದ್ದನ್ನೆಲ್ಲ ಹೇಳಿದೆ.

"ಮಾತಾಡ್ಸಿದ್ರೆ ತಿರುಗೀನೂ ನೋಡ್ತಿರ್ಲಿಲ್ಲ ಕಣಮ್ಮ. ಕಂಪನಿ ತಗಡಿನ ಸದ್ದು ಕೇಳ್ಸುತ್ತೆ, ಕಟ್ಕೊಂಡೋಳ ಮಾತು ಕೇಳ್ಸಲ್ವಾ ಅಂತ ಎಷ್ಟು ಬೈದಿದ್ದೀನಿ. ಆಮೇಲೆ ಮಾತಾಡೋದೇ ಬಿಟ್ಬಿಟ್ಟೆ. ಮೂರು ವರ್ಷ ಆಯ್ತು."

ಆಕೆ ಎದ್ದು ಹೋಗಿ ಗಂಡನ ಬೆನ್ನ ಹಿಂದೆ ನಿಂತು, "ರೀ" ಎಂದು ಕರೆದರು. ಸ್ವಲ್ಪ ತಡೆದು ಇನ್ನೊಮ್ಮೆ ಕರೆದರು. ಶ್ಯಾಮಣ್ಣ ಅವರೆಕಾಯಿ ಸುಲಿಯುತ್ತಲೇ ಇದ್ದರು.