ಉಜ್ಜಿ ಉಜ್ಜಿ ಅಳಿಸಿಹೋದ ಐದು ಹೆಸರು

ಬೆಳಗಿನ ಐದೂವರೆ. ಬಂದರಿನ ಗೇಟಿನ ಎದುರಿನ ಎರಡಂತಸ್ತಿನ ಕಟ್ಟಡದ ಬಾಗಿಲಲ್ಲಿ ಐವತ್ತರ ಮಹಿಳೆಯೊಬ್ಬರು ಸ್ಟೂಲು ಹತ್ತಿ ನಿಂತಿದ್ದಾರೆ. ಒಂದು ಕೈಯಲ್ಲಿ ಪಾಲಿಶ್ ಡಬ್ಬಿ, ಇನ್ನೊಂದರಲ್ಲಿ ಹಳೆಯ ಬನಿಯನ್ನಿನ ತುಂಡು. ಗೋಡೆಯ ಹಿತ್ತಾಳೆ ಫಲಕದ ಹತ್ತಿರ ಬಟ್ಟೆ ಒಯ್ಯುತ್ತಾರೆ, ಹಿಂದೆ ತೆಗೆಯುತ್ತಾರೆ. ಮತ್ತೆ ಒಯ್ಯುತ್ತಾರೆ. ಮೂವತ್ತೊಂದು ವರ್ಷದಿಂದ ದಿನಾ ಉಜ್ಜಿದ ಫಲಕ. ಇವತ್ತು ಉಜ್ಜಬೇಕೋ ಬೇಡವೋ ತಿಳಿಯುತ್ತಿಲ್ಲ.

“ಉಜ್ಜಿದ್ರೆ ಬೈತಾರೆ. ಬಿಟ್ರೆ ಉಪ್ಪುಗಾಳಿಗೆ ಹಸಿರು ಕಟ್ಟುತ್ತೆ, ಆಗಲೂ ಬೈತಾರೆ,” ಎನ್ನುತ್ತಾ ಕೆಳಗಿಳಿಯುತ್ತಾರೆ.

ಇದು ಬಂದರಿನ ವೃತ್ತಿಪರರ ಕ್ಲಬ್ಬು. ಹಡಗಿನ ಏಜೆಂಟರು, ಇಂಜಿನಿಯರುಗಳು, ಹಡಗನ್ನು ಹೊರಗಡಲಿನಿಂದ ಬಂದರಿನೊಳಕ್ಕೆ ನಡೆಸಿ ತರುವ ಪೈಲಟ್‌ಗಳು, ಎಲ್ಲ ಸೇರಿ ಮುನ್ನೂರು ಸದಸ್ಯರು. ಎಪ್ಪತ್ತೆಂಟರ ನಿವೃತ್ತ ಪೈಲಟ್‌ಗೂ ಈಕೆ ‘ಅಕ್ಕ’ನೇ. ದಿನಕ್ಕೆ ಮೂವತ್ತಾರು ಮೆಟ್ಟಿಲು, ಎಂಬತ್ತು ಕುರ್ಚಿ, ಆರು ಶೌಚಾಲಯ, ಸಂಜೆಗೆ ಇನ್ನೂರು ಲೋಟ, ಎಲ್ಲವೂ ಇವರೊಬ್ಬರ ಕೈಯಲ್ಲಿ. ಕ್ರೇನಿನ ಕೆಲಸದಲ್ಲಿದ್ದ ಗಂಡ ಬೆನ್ನು ಮುರಿದುಕೊಂಡು ಹನ್ನೊಂದು ವರ್ಷದಿಂದ ಮಂಚ ಹಿಡಿದಿದ್ದಾರೆ. ಮನೆ ನಡೆಯುವುದು ಮುಖ್ಯವಾಗಿ ಈ ಕೆಲಸದಿಂದ. ಈಗ ಅದಕ್ಕೇ ಕುತ್ತು ಬಂದಿದೆ.

ಆದದ್ದಿಷ್ಟು. ಕ್ಲಬ್ಬಿನವರು ಸುವರ್ಣ ಮಹೋತ್ಸವ ಮಾಡಬೇಕೆಂದು ಹೊರಟರು. ಸ್ಮರಣ ಸಂಚಿಕೆಯಲ್ಲಿ ಕ್ಲಬ್ಬಿನ ಇತಿಹಾಸ ಬರಬೇಕು. ಮೊದಲ ನಡಾವಳಿ ಪುಸ್ತಕವನ್ನು ಯಾರೋ ಓದಲು ಒಯ್ದವರು ಹಿಂದಕ್ಕೆ ತಂದಿಲ್ಲ. ಉಳಿದದ್ದು ಬಾಗಿಲ ಫಲಕ. ಅದರಲ್ಲಿ ಐವರು ಸ್ಥಾಪಕರ ಹೆಸರೂ ಇಸವಿಯೂ ಇತ್ತು. ಬಂದು ನೋಡಿದರೆ ಫಲಕ ಕನ್ನಡಿಯ ಹಾಗೆ ಹೊಳೆಯುತ್ತಿದೆ, ಮೇಲೆ ಅಕ್ಷರವೇ ಇಲ್ಲ. ಇಸವಿಯ ಕೊನೆಯ ಅಂಕಿ ಮಾತ್ರ ಅರೆಬರೆ ಕಾಣುತ್ತದೆ, ಮೂರೋ ಎಂಟೋ. ಮೂರಾದರೆ ಸುವರ್ಣ ಮಹೋತ್ಸವದ ವರ್ಷ ಎರಡು ವರ್ಷದ ಹಿಂದೆಯೇ ಕಳೆದುಹೋಗಿದೆ. ಎಂಟಾದರೆ ಇನ್ನೂ ಮೂರು ವರ್ಷ ಬಾಕಿ. ಸಮಾರಂಭ ಮಾತ್ರ ಈ ವರ್ಷ, ಪೆಂಡಾಲಿನವನಿಗೆ ಹೇಳಿಯಾಗಿದೆ.

ಮುನ್ನೂರು ಮಂದಿ ಓದುಬರಹ ಬಲ್ಲವರು ದಿನಾ ಆ ಫಲಕದ ಪಕ್ಕದಲ್ಲೇ ಛತ್ರಿ ನೇತುಹಾಕಿ ಒಳಗೆ ಹೋದರು. ಒಬ್ಬರಾದರೂ ಒಮ್ಮೆ ತಲೆಯೆತ್ತಿ ಓದಿದ್ದರೆ ಐದು ಹೆಸರು ಯಾರದಾದರೂ ಬಾಯಲ್ಲಿ ಉಳಿಯುತ್ತಿತ್ತು. ಓದಲು ಬಾರದ ಒಬ್ಬರು ಮಾತ್ರ ದಿನಾ ಅದನ್ನು ಮುಟ್ಟಿದರು. ತಪ್ಪು ಅವರದೇ ಆಯಿತು.

ಸಭೆಯಲ್ಲಿ ದೊಡ್ಡ ಜಟಾಪಟಿ. ಕಾರ್ಯದರ್ಶಿ ಹಡಗಿನ ಏಜೆಂಟರು. “ಜಾಗ ಹುಡುಕಿದ್ದೇ ನಮ್ಮಪ್ಪ,” ಎಂದರಂತೆ. ಅದಕ್ಕೆ ಆ ಎಪ್ಪತ್ತೆಂಟರ ಪೈಲಟ್, “ಹುಡುಕಿದ್ದು ಹೌದಪ್ಪ, ಕೂತ್ಕೊಳ್ಳೋಕೆ. ನಾವೆಲ್ಲ ನಿಂತಿದ್ರೆ ಅವರೊಬ್ರೇ ಕೂತಿರ್ತಿದ್ರು,” ಎಂದರಂತೆ. ಇಂಜಿನಿಯರುಗಳದು ಇನ್ನೊಂದೇ ಕಥೆ. ಈ ವರದಿಗಾಗಿ ಮೂರೂ ಕಡೆಯವರನ್ನು ಕೂರಿಸಿ ಕೇಳಿ ಬಂದೆ. ಹೋಗುವಾಗ ಗೊತ್ತಿದ್ದಷ್ಟೂ ಬರುವಾಗ ಗೊತ್ತಿರಲಿಲ್ಲ.

ಕೊನೆಗೆ ಅಕ್ಕನನ್ನೇ ಸಭೆಗೆ ಕರೆಸಿದರು. ಅತ್ತೆಯಿಂದ ಕೇಳಿದ್ದನ್ನು ಅವರು ಹೇಳಿದರು. ಆಗ ಈ ಜಾಗದಲ್ಲಿ ಇದ್ದದ್ದು ಅತ್ತೆಯ ಚಹಾದಂಗಡಿ. ಬಂದರಿನ ಹೊರಗೆ ಫೋನ್ ಇದ್ದದ್ದು ಅಲ್ಲೊಂದೇ. ಹಡಗು ಯಾವಾಗ ಬರುತ್ತದೆಂದು ತಿಳಿಯಲು ಏಜೆಂಟರು, ಪೈಲಟ್‌ಗಳು, ಇಂಜಿನಿಯರುಗಳು ಎಲ್ಲರಿಗೂ ಅದೇ ಫೋನು. ಸರದಿಗಾಗಿ ಬಾಗಿಲಲ್ಲೇ ಜಗಳ.

“ನಮ್ಮತ್ತೆಗೆ ರೇಗಿತಂತೆ. ಬಾಗಿಲಿಗೆ ಅಡ್ಡ ನಿಲ್ಬೇಡಿ, ಒಳಗ್ ಬಂದು ಕೂತ್ಕೊಂಡ್ ಸಾಯಿರಿ ಅಂದ್ರಂತೆ. ಐದು ಜನ ಕೂತ್ರಂತೆ. ಅಷ್ಟೇ ನಂಗೊತ್ತಿರೋದು.”

“ಇದನ್ನ ಪುಸ್ತಕದಲ್ಲಿ ಹಾಕೋಕಾಗುತ್ತೇನಕ್ಕ?” ಕಾರ್ಯದರ್ಶಿ ಕೇಳಿದರು.

“ನಾನೂ ಬೈಸ್ಕೊಂಡಿದ್ದೀನಿ ಕಣಯ್ಯ,” ಎಂದು ಪೈಲಟ್ ಸಾಕ್ಷಿ ಹೇಳಿದರು. ಯಾವ ವರ್ಷ ಎಂದು ಕೇಳಿದರೆ ಅವರಿಗೂ ನೆನಪಿಲ್ಲ.

ಅತ್ತೆ ಮಾತ್ರ ಒಂದು ಗುರುತು ಹೇಳಿದ್ದರು. ಮಗ, ಅಂದರೆ ಅಕ್ಕನ ಗಂಡ, ಮೊದಲ ಹೆಜ್ಜೆ ಇಟ್ಟ ವರ್ಷವಂತೆ. ಮಗ ಹುಟ್ಟಿದ ಇಸವಿ ಶಾಲೆಯ ದಾಖಲೆಯಲ್ಲೊಂದು, ಆಸ್ಪತ್ರೆಯ ಚೀಟಿಯಲ್ಲೊಂದು. ಅಕ್ಕ ತಲೆ ಕೆರೆದುಕೊಳ್ಳುತ್ತಾರೆ. “ಅದು ಮೂರಾದ್ರೆ ನಮ್ಮನೆಯವ್ರು ನಂಗಿಂತ ಮೂರು ವರ್ಷ ದೊಡ್ಡೋರು. ಎಂಟಾದ್ರೆ ಎರಡು ವರ್ಷ ಚಿಕ್ಕೋರು. ಈ ವಯಸ್ಸಲ್ಲಿ ಇದೆಲ್ಲಾ ಯಾಕೆ ಬೇಕಿತ್ತು ಹೇಳಿ.”

ಸಭೆ ಎರಡು ತೀರ್ಮಾನ ಮಾಡಿದೆ. ಉಜ್ಜುವ ಗೋಜಿಲ್ಲದ ಸ್ಟೀಲ್ ಫಲಕ ಹಾಕಿಸುವುದು ಒಂದು. ಫಲಕ ಹಾಳು ಮಾಡಿದವರನ್ನು ಕೆಲಸದಿಂದ ಯಾಕೆ ತೆಗೆಯಬಾರದೆಂದು ಅಕ್ಕನೇ ಏಳು ದಿನದಲ್ಲಿ ಬರವಣಿಗೆಯಲ್ಲಿ ತಿಳಿಸಬೇಕೆನ್ನುವುದು ಇನ್ನೊಂದು. ಹೊಸ ಫಲಕದಲ್ಲಿ ಯಾರ ಹೆಸರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಆರನೆಯ ದಿನ ಸಂಜೆ, ಕ್ಲಬ್ಬಿನ ಹಿಂದಿನ ಓಣಿಯಲ್ಲಿರುವ ಒಂದೇ ಕೋಣೆಯ ಮನೆ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಚಾಪೆಯ ಮೇಲೆ ಕೂತು ಉತ್ತರ ಬರೆಯುತ್ತಿದ್ದಾಳೆ. ಮೂರು ಹಾಳೆ ತುಂಬಿದೆ, ಸಿಟ್ಟು ಇಳಿದಿಲ್ಲ.

“ಕಣ್ಣಿದ್ದೂ ಕುರುಡರಾದ ತಾವು...” ಎಂದು ಜೋರಾಗಿ ಓದುತ್ತಾಳೆ.

“ಅದನ್ನ ಹೊಡೆದಾಕು,” ಎನ್ನುತ್ತಾರೆ ಅಮ್ಮ.

“ಯಾಕಮ್ಮ, ಸುಳ್ಳಾ?”

ಮಂಚದಿಂದ ಅಪ್ಪ, “ಅಷ್ಟುದ್ದ ಬರೀಬೇಡ ಮಗಾ. ಇದನ್ನೂ ಅವ್ರು ಓದಲ್ಲ.”

ಅಕ್ಕ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. ಪಾಲಿಶ್ ಕಪ್ಪು ಗೆರೆಗೆರೆಯಲ್ಲೂ ಕೂತಿದೆ. “ನಾನು ತಪ್ಪು ಮಾಡಿದ್ನೋ ಸರಿ ಮಾಡಿದ್ನೋ, ನಿಜವಾಗ್ಲೂ ನಂಗೆ ಗೊತ್ತಾಗ್ತಿಲ್ಲ ಕಣೇ. ಹೊಳೀಬೇಕು ಅಂತಿದ್ರು, ಹೊಳೆಸಿದೆ. ಅಕ್ಷರ ಹೋಗ್ತಿದೆ ಅಂತ ಒಬ್ರೂ ಹೇಳ್ಲಿಲ್ಲ.”

ಮಗಳು ಮೂರೂ ಹಾಳೆ ಹರಿದು ಹೊಸದೊಂದು ತೆಗೆಯುತ್ತಾಳೆ. ಪೆನ್ನು ಹಿಡಿದು ಕಾಯುತ್ತಾಳೆ. ಅಕ್ಕ ನಿಧಾನವಾಗಿ ಹೇಳಿ ಬರೆಸುತ್ತಾರೆ:

“ಸ್ಟೀಲಿಂದು ಬೇಡ ಸರ್, ಹಿತ್ತಾಳೆದೇ ಹಾಕ್ಸಿ. ಹೆಸರು ಯಾರದ್ದಾದ್ರೂ ಆಗ್ಲಿ, ಅಕ್ಷರ ಮಾತ್ರ ಆಳವಾಗಿ ಕೊರೆಸಿ. ನಾನಿನ್ನೂ ಹತ್ತು ವರ್ಷ ಉಜ್ಜೋಳಿದ್ದೀನಿ.”