ಬರೀ ಅಕ್ಷರ ತಂದ ಬ್ರೌಸರ್

“ಇನ್ನೂ ಬರ್ಲಿಲ್ವೇನಮ್ಮ?” ಬೆಳಗೋಡಿನಿಂದ ಬಂದಿದ್ದ ಹೆಂಗಸು ಮತ್ತೆ ಕೇಳಿದರು. ಅವರ ಗಂಡನ ಕುತ್ತಿಗೆಯ ಗಂಟನ್ನು ಪರೀಕ್ಷಿಸಿದ್ದ ಮಂಗಳೂರಿನ ಡಾಕ್ಟರು, ಫಲಿತಾಂಶವನ್ನು ಸಕಲೇಶಪುರದ ನನ್ನ ಸೈಬರ್ ಸೆಂಟರ್‌ಗೆ ಇ-ಮೇಲ್ ಮಾಡುವುದಾಗಿ ಹೇಳಿದ್ದರು. ಆದರೆ ಇಂಟರ್ನೆಟ್ ಬರುತ್ತಿದ್ದ ಫೋನ್ ಲೈನ್ ಪದೇ ಪದೇ ಕಡಿದು, ಇ-ಮೇಲ್ ಪುಟ ಅರ್ಧಕ್ಕೇ ನಿಲ್ಲುತ್ತಿತ್ತು. ಬೆಳಗಿನಿಂದ ಅದರೊಂದಿಗೆ ಗುದ್ದಾಡಿ ನನಗೂ ಸಾಕಾಗಿತ್ತು.

ಕೊನೆಗೆ, ಗೆಳತಿ ಕೊಟ್ಟಿದ್ದ ಸಿ.ಡಿ.ಯಿಂದ ಒಂದು ಪುಟ್ಟ ಬ್ರೌಸರನ್ನು ಕಂಪ್ಯೂಟರಿಗೆ ಹಾಕಿದೆ. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ಹಾಗಾಗಿ ಲೈನ್ ಮತ್ತೆ ಕಡಿಯುವ ಮೊದಲೇ ಡಾಕ್ಟರ ಇಂಗ್ಲಿಷ್ ಸಾಲುಗಳು ಪರದೆಗೆ ಬಂದವು.

“ಕ್ಯಾನ್ಸರ್ ಅಲ್ವಂತೆ ಕಣಕ್ಕ. ಟಿ.ಬಿ. ಗಂಟಂತೆ, ಮಾತ್ರೇಲೇ ವಾಸಿಯಾಗುತ್ತಂತೆ,” ಎಂದೆ.

ಅವರು ನಗಲೂ ಇಲ್ಲ, ಅಳಲೂ ಇಲ್ಲ. “ಒಂಚೂರು ಇಲ್ಲೇ ಕೂತಿರ್ತೀನಿ ಕಣಮ್ಮ. ಮಂಗ್ಳೂರಿಂದ ಬಂದಾಗ್ಲಿಂದ ಕಣ್ಣೇ ಮುಚ್ಚಿಲ್ಲ,” ಎಂದವರು ಗೋಡೆಗೆ ತಲೆಯಾನಿಸಿದರು. ನೋಡನೋಡುತ್ತಿದ್ದಂತೆ ನಿದ್ದೆ ಹೋದರು. ಬೆಳಗೋಡಿನ ಬಸ್ಸು ಹೊರಟಾಗಲೂ ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಮುಂದಿನ ಬಸ್ಸಿಗೆ ಹೋಗಲಿ ಎಂದು ಫ್ಯಾನ್ ಹಾಕಿ, ಸುಮ್ಮನೆ ಪಕ್ಕದಲ್ಲಿ ಕೂತೆ.

ಆ ಸೆಂಟರ್ ಮುಚ್ಚಿ ಎಷ್ಟೋ ವರ್ಷಗಳಾದವು. ಒಳ್ಳೆಯ ಸುದ್ದಿ ಕೇಳಿದವರ ಮುಖ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ, ಇಂದಿಗೂ ನನ್ನ ಕಣ್ಣಿಗೆ ಬರುವುದು ಬಾಯಿ ಅರೆತೆರೆದು ನಿದ್ರಿಸುತ್ತಿದ್ದ ಆ ದಣಿದ ಮುಖವೇ.